ಡಾ. ಯಲ್ಲಾಪ್ರಗಡ ಸುಬ್ಬರಾವ್: ಕಿಣ್ವವನ್ನು ತಡೆದು ಪ್ರಾಣ ಉಳಿಸಿದ ಮದರಾಸಿನ ವಿದ್ಯಾರ್ಥಿ

ಪೆರುಂಗುಡಿಯಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳವರು ನಗರದ ಉತ್ತರ ಭಾಗಕ್ಕೆ ಹೋಗಬೇಕಾದಾಗ ಎತ್ತರದ ಕಂಬಗಳ ಮೇಲೆ ಓಡುವ ಎಂ.ಆರ್.ಟಿ.ಎಸ್. ರೈಲನ್ನು ಹಿಡಿಯುವುದು ರೂಢಿ. ಪೆರುಂಗುಡಿಯಲ್ಲಿ ಹತ್ತಿದರೆ ತಿರುವಾನ್ಮಿಯೂರನ್ನು ದಾಟಿ ತಿರುಮಯಿಲೈ, ತಿರುವಲ್ಲಿಕ್ಕೇಣಿ, ಚೇಪಾಕ್, ಪಾರ್ಕ್ ಟೌನ್ ನಿಲ್ದಾಣಗಳು ಒಂದೊಂದಾಗಿ ಬರುತ್ತವೆ. ಈ ಹಾದಿಯ ಆಸುಪಾಸಿನಲ್ಲೇ ಮೈಲಾಪುರದ ರಾಮಕೃಷ್ಣ ಮಠ, ತಿರುವಲ್ಲಿಕ್ಕೇಣಿಯ ಹಿಂದೂ ಹೈಸ್ಕೂಲು, ಕಡಲ ದಂಡೆಗೆ ಮುಖ ಮಾಡಿದ ಪ್ರೆಸಿಡೆನ್ಸಿ ಕಾಲೇಜು ಮತ್ತು ಸೆಂಟ್ರಲ್ ನಿಲ್ದಾಣದ ಬಳಿಯ ಮದರಾಸು ವೈದ್ಯಕೀಯ ಕಾಲೇಜು ಇವೆ. ಸುಮಾರು ನೂರು ವರ್ಷಗಳ ಹಿಂದೆ ಗೋದಾವರಿ ಸೀಮೆಯಿಂದ ಬಂದ ಒಬ್ಬ ಬಡ ತೆಲುಗು ಯುವಕನ ಮದರಾಸು ಎಂದರೆ ಹೆಚ್ಚುಕಡಿಮೆ ಈ ನಾಲ್ಕು ಸ್ಥಳಗಳೇ. ಅವರ ಹೆಸರು ಯಲ್ಲಾಪ್ರಗಡ ಸುಬ್ಬರಾವ್.

ಹೆಸರು ಎಲ್ಲರಿಗೂ ಪರಿಚಿತವಿಲ್ಲದಿರಬಹುದು; ಅವರ ಕೆಲಸದ ಫಲ ಮಾತ್ರ ನಮ್ಮೆಲ್ಲರ ಮನೆಯನ್ನೂ ಹೊಕ್ಕಿದೆ. ಗರ್ಭಿಣಿಯರಿಗೆ ಕೊಡುವ ಫೋಲಿಕ್ ಆಮ್ಲದ ಮಾತ್ರೆ, ಆನೆಕಾಲು ರೋಗ ತಡೆಯಲು ಸರಕಾರದವರು ಮನೆಮನೆಗೆ ಹಂಚಿದ ಡಿ.ಇ.ಸಿ. ಮಾತ್ರೆ, ಕೀಲುವಾತದಿಂದ ಬೆರಳು ಮಡಿಚಲಾಗದ ಹಿರಿಯರು ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್, ಇವು ಮೂರೂ ಅವರು ನಿರ್ದೇಶಕರಾಗಿದ್ದ ಒಂದೇ ಸಂಶೋಧನಾಲಯದಿಂದ ಹೊರಬಂದವು. ಮೂರರಲ್ಲಿ ಮೆಥೊಟ್ರೆಕ್ಸೇಟ್‌ನ ಕಥೆಯನ್ನು ನಾವಿಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇವೆ. ದೇಹದ ಒಂದು ಕಿಣ್ವದ ಕೆಲಸವನ್ನು ತಡೆಹಿಡಿದರೆ ರೋಗಿಯ ಪ್ರಾಣ ಉಳಿಯಬಹುದು ಎಂಬ ಸಂಗತಿ ವೈದ್ಯಲೋಕಕ್ಕೆ ಮನದಟ್ಟಾದದ್ದು ಬಹುಮಟ್ಟಿಗೆ ಅದರ ಮೂಲಕ.

ಸುಬ್ಬರಾಯರು ಹುಟ್ಟಿದ್ದು 1895ರ ಜನವರಿ 12ರಂದು, ಈಗ ಆಂಧ್ರಪ್ರದೇಶದಲ್ಲಿರುವ ಭೀಮವರಂನಲ್ಲಿ. ಅಂದು ಅದು ಮದರಾಸು ಪ್ರಾಂತಕ್ಕೆ ಸೇರಿತ್ತು. ನಮ್ಮ ದಕ್ಷಿಣ ಕನ್ನಡ, ಬಳ್ಳಾರಿಗಳೂ ಅದೇ ಪ್ರಾಂತದಲ್ಲಿದ್ದವೆಂಬುದನ್ನು ಓದುಗರು ಬಲ್ಲರು. ಆ ಕಾಲದಲ್ಲಿ ಮಂಗಳೂರಿನ ಹುಡುಗನೂ ಭೀಮವರದ ಹುಡುಗನೂ ಉನ್ನತ ವಿದ್ಯೆಗೆ ನೋಡುತ್ತಿದ್ದುದು ಮದರಾಸಿನ ಕಡೆಗೇ. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಏಳು ಮಕ್ಕಳ ಸಂಸಾರ, ಸಾಲದ ಆದಾಯ. ಹುಡುಗನಿಗೆ ಓದಿನಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಹದಿಮೂರರ ಆಸುಪಾಸಿನಲ್ಲಿ ಮನೆಬಿಟ್ಟು, ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸುವೆನೆಂದು ಹೊರಟಿದ್ದರಂತೆ. ದಾರಿಯಿಂದ ಹಿಂದಕ್ಕೆ ಕರೆತಂದವರು ತಾಯಿ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ಅನುತ್ತೀರ್ಣರಾಗಿ, ಮೂರನೆಯ ಸಲ ಮದರಾಸಿನ ಹಿಂದೂ ಹೈಸ್ಕೂಲಿನಿಂದ ಕುಳಿತು ತೇರ್ಗಡೆಯಾದರು. ಮಕ್ಕಳ ಅಂಕಪಟ್ಟಿ ಕಂಡು ಮುಖ ಸಣ್ಣದು ಮಾಡಿಕೊಳ್ಳುವ ತಂದೆತಾಯಿಯರಿಗೆ ಈ ಸಂಗತಿಯಿಂದ ಸ್ವಲ್ಪ ನೆಮ್ಮದಿ ದೊರೆತೀತು.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದಾಗ ಅವರ ಮನಸ್ಸು ಮೈಲಾಪುರದ ರಾಮಕೃಷ್ಣ ಮಠದ ಕಡೆಗೆ ವಾಲಿತು. ಸನ್ಯಾಸಿಯಾಗಬೇಕೆಂದು ಬಯಸಿದರು. ತಾಯಿ ಒಪ್ಪಲಿಲ್ಲ; ತಾಯಿಯ ಒಪ್ಪಿಗೆಯಿಲ್ಲದೆ ಮಠವೂ ಒಪ್ಪಲಿಲ್ಲ. ರೋಗಿಗಳ ಸೇವೆಯೂ ಸನ್ಯಾಸಕ್ಕೆ ಸಮಾನವೆಂಬ ಭಾವನೆ ಬೇರೂರಿದ ಮೇಲೆ ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು. ಖರ್ಚಿಗೆ ಸ್ನೇಹಿತರು ನೆರವಾದರು. ಮುಂದೆ ಮಾವನಾದ ಕಸ್ತೂರಿ ಸೂರ್ಯನಾರಾಯಣಮೂರ್ತಿಯವರೂ ನೆರವಾದರು. ಅವರ ಮಗಳು ಶೇಷಗಿರಿಯವರೊಡನೆ 1919ರಲ್ಲಿ ವಿವಾಹವಾಯಿತು.

ಕಾಲೇಜಿನ ದಿನಗಳಲ್ಲೇ ಗಾಂಧೀಜಿಯವರ ಸ್ವದೇಶಿ ಕರೆಗೆ ಓಗೊಟ್ಟು ಶಸ್ತ್ರಚಿಕಿತ್ಸೆಯ ಕೊಠಡಿಗೂ ಖಾದಿಯ ನಿಲುವಂಗಿ ತೊಟ್ಟು ಹೋಗತೊಡಗಿದರು. ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕ ಬ್ರಾಡ್‌ಫೀಲ್ಡ್ ಅವರಿಗೆ ಇದು ಸರಿಬೀಳಲಿಲ್ಲ. ಬರವಣಿಗೆಯ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದ್ದರೂ ಸುಬ್ಬರಾಯರಿಗೆ ದೊರೆತದ್ದು ಪೂರ್ಣ ಎಂ.ಬಿ.ಬಿ.ಎಸ್. ಅಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಅರ್ಹತೆ. ಮದರಾಸು ವೈದ್ಯಕೀಯ ಸೇವೆಗೆ ಸೇರಲು ಮಾಡಿದ ಪ್ರಯತ್ನವೂ ಕೈಗೂಡಲಿಲ್ಲ. ಒಂದು ಅಂಗಿಯ ಬಟ್ಟೆಗಾಗಿ ಸರಕಾರಿ ವೈದ್ಯನಾಗುವ ದಾರಿ ಮುಚ್ಚಿತೆಂದು ಮರುಗಬೇಕೋ, ಹಾಗೆ ಮುಚ್ಚದೆ ಹೋಗಿದ್ದರೆ ಅವರು ಯಾವುದೋ ಜಿಲ್ಲಾ ಆಸ್ಪತ್ರೆಯಲ್ಲೇ ನಿವೃತ್ತರಾಗುತ್ತಿದ್ದರೆಂದು ಸಮಾಧಾನಪಡಬೇಕೋ ನಾವು ನಿರ್ಧರಿಸಲಾರೆವು.

ಕೆಲಸ ಕೊಟ್ಟವರು ಆಯುರ್ವೇದದವರು. ಮದರಾಸಿನಲ್ಲಿ ಡಾ. ಆಚಂಟ ಲಕ್ಷ್ಮೀಪತಿಯವರು ನಡೆಸುತ್ತಿದ್ದ ಆಯುರ್ವೇದ ಕಾಲೇಜಿನಲ್ಲಿ ಸುಬ್ಬರಾಯರು ಅಂಗರಚನಾಶಾಸ್ತ್ರ ಬೋಧಿಸಿದರು. ಎಗ್ಮೂರಿನಲ್ಲಿ ಹಿಂದೆ ಮಾರ್ಷಲ್ಸ್ ರಸ್ತೆಯೆನಿಸಿಕೊಂಡಿದ್ದ ಈಗಿನ ರುಕ್ಮಿಣಿ ಲಕ್ಷ್ಮೀಪತಿ ರಸ್ತೆಯ ಹೆಸರು ನೆನಪಾದರೆ, ಆ ರುಕ್ಮಿಣಿಯವರು ಈ ವೈದ್ಯರ ಪತ್ನಿ, ಸ್ವಾತಂತ್ರ್ಯ ಹೋರಾಟಗಾರ್ತಿ.

ಈ ಹೊತ್ತಿಗೆ ಸುಬ್ಬರಾಯರ ಮನೆಯಲ್ಲಿ ದೊಡ್ಡ ಆಘಾತವೊಂದು ನಡೆದುಹೋಗಿತ್ತು. ಅವರ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕರುಳಿನ ಬೇನೆಯಿಂದ ತೀರಿಕೊಂಡರು. ನಮ್ಮ ಹಿರಿಯರು ಸಂಗ್ರಹಣಿ ಎಂದು ಕರೆಯುತ್ತಿದ್ದ ಕಾಯಿಲೆಗೆ ಇದು ಹತ್ತಿರದ್ದು: ತಿಂದದ್ದು ಮೈಗೆ ಹತ್ತದು, ಬೇಧಿ ನಿಲ್ಲದು, ನಾಲಿಗೆ ಹುಣ್ಣಾಗುವುದು, ರಕ್ತ ತೆಳುವಾಗುವುದು, ಮನುಷ್ಯ ಕ್ರಮೇಣ ಕರಗಿಹೋಗುವುದು. ಸುಬ್ಬರಾಯರಿಗೂ ಅದೇ ಬೇನೆ ತಗುಲಿ, ಲಕ್ಷ್ಮೀಪತಿಯವರ ಚಿಕಿತ್ಸೆಯಿಂದ ಗುಣವಾಯಿತು. ಏನು ಕೊರತೆಯಿಂದ ಈ ರೋಗಿಗಳು ಸಾಯುತ್ತಾರೆ, ಯಾವ ವಸ್ತು ಅವರನ್ನು ಉಳಿಸುತ್ತದೆ ಎಂಬ ಪ್ರಶ್ನೆ ಅಂದಿನಿಂದ ಅವರ ಬೆನ್ನು ಬಿಡಲಿಲ್ಲ.

ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕೆಂದುಕೊಂಡರು. ಕಾಕಿನಾಡದ ಸತ್ಯಲಿಂಗಂ ನಾಯ್ಕರ್ ಧರ್ಮಸಂಸ್ಥೆಯವರೂ ಮಾವನವರೂ ಹಣ ಒದಗಿಸಿದರು. ಗರ್ಭಿಣಿಯಾಗಿದ್ದ ಪತ್ನಿಯನ್ನು ಊರಿನಲ್ಲಿ ಬಿಟ್ಟು, 1922ರ ಅಕ್ಟೋಬರ್ ಕೊನೆಯಲ್ಲಿ ಬಾಸ್ಟನ್ ತಲುಪಿದರು. ಕೆಲವೇ ವರ್ಷಗಳಲ್ಲಿ ಹಿಂದಿರುಗುವ ವಿಚಾರವಿತ್ತು. ಹುಟ್ಟಿದ ಗಂಡುಮಗು ವರ್ಷ ತುಂಬುವ ಮೊದಲೇ ಸೋಂಕಿನಿಂದ ತೀರಿಕೊಂಡಿತು. ತಂದೆ ಅದರ ಮುಖ ನೋಡಲಿಲ್ಲ. ಶೇಷಗಿರಿಯವರನ್ನೂ ಅವರು ಮತ್ತೆ ಕಾಣಲಿಲ್ಲ. ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸಿಬಿಡುವ ಈ ವಿಷಯವನ್ನು ಅಷ್ಟು ಹಗುರವಾಗಿ ದಾಟಲು ನಮಗೆ ಮನಸ್ಸು ಬಾರದು. ಹೊರಗೆ ದುಡಿಯಲು ಹೋದವರ ಹಿಂದೆ ಊರಿನಲ್ಲಿ ಕಾದವರೊಬ್ಬರು ಇರುತ್ತಾರೆಂಬುದು ವಲಸೆ ಬಂದ ನಮ್ಮ ಕುಟುಂಬಗಳಿಗೆ ಹೊಸ ವಿಷಯವೇನಲ್ಲ.

ಬಾಸ್ಟನ್ನಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಉಷ್ಣವಲಯ ವೈದ್ಯಶಾಲೆಗೆ ಸೇರಿದರು. ಭಾರತದ ಅರ್ಹತೆಯಿಂದ ಅಲ್ಲಿ ವೈದ್ಯವೃತ್ತಿ ನಡೆಸುವಂತಿರಲಿಲ್ಲ. ಹೊಟ್ಟೆಪಾಡಿಗಾಗಿ ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿ ಹಿಡಿದು ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆದರು. ಡಿಪ್ಲೊಮಾ ಮುಗಿಸಿ ಆಟೊ ಫೋಲಿನ್ ಅವರು ಮುಖ್ಯಸ್ಥರಾಗಿದ್ದ ಜೀವರಸಾಯನ ವಿಭಾಗವನ್ನು ಹೊಕ್ಕರು. ಅಲ್ಲಿ ಸೈರಸ್ ಫಿಸ್ಕ್ ಎಂಬವರೊಡನೆ ರಕ್ತ, ಮೂತ್ರಗಳಲ್ಲಿರುವ ರಂಜಕವನ್ನು ಅಳೆಯುವ ವಿಧಾನವೊಂದನ್ನು ರೂಪಿಸಿ 1925ರಲ್ಲಿ ಪ್ರಕಟಿಸಿದರು. ದ್ರಾವಣಕ್ಕೆ ನಿಗದಿತ ರಾಸಾಯನಿಕಗಳನ್ನು ಬೆರೆಸಿದರೆ ನೀಲಿ ಬಣ್ಣ ಬರುತ್ತದೆ. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢ. ಫಿಸ್ಕ್-ಸುಬ್ಬರಾವ್ ವಿಧಾನವೆಂದು ಜೀವರಸಾಯನದ ವಿದ್ಯಾರ್ಥಿಗಳು ಓದುವುದು ಇದನ್ನೇ.

ಕೇಳಲು ಸಣ್ಣ ಕೆಲಸ, ಆದರೆ ಕಿಣ್ವಗಳ ಅಧ್ಯಯನಕ್ಕೆ ಇದರಿಂದ ಆದ ಉಪಕಾರ ದೊಡ್ಡದು. ಕಿಣ್ವ ಕಣ್ಣಿಗೆ ಕಾಣುವುದಿಲ್ಲ. ಅದು ಇದೆಯೆಂದು, ಕೆಲಸ ಮಾಡುತ್ತಿದೆಯೆಂದು ತಿಳಿಯುವುದು ಅದು ಹೊರಹಾಕಿದ ವಸ್ತುವನ್ನು ಅಳೆದಾಗಲೇ. ರಂಜಕವನ್ನು ಬಿಡಿಸಿಕೊಡುವ ಫಾಸ್ಫಟೇಸ್ ಕಿಣ್ವಗಳ ಚಟುವಟಿಕೆಯನ್ನೂ, ಅವನ್ನು ಒಂದು ತಡೆವಸ್ತು ಎಷ್ಟು ಕುಂದಿಸಿತೆಂಬುದನ್ನೂ ಸಂಶೋಧಕರು ಈ ನೀಲಿ ಬಣ್ಣದಿಂದ ಲೆಕ್ಕ ಹಾಕಿದರು.

ಅದೇ ವಿಧಾನವನ್ನು ಸ್ನಾಯುವಿನ ಮೇಲೆ ಪ್ರಯೋಗಿಸಿದಾಗ 1927ರಲ್ಲಿ ಫಾಸ್ಫೊಕ್ರಿಯಾಟಿನ್, 1929ರಲ್ಲಿ ಎ.ಟಿ.ಪಿ. ಅವರ ಕೈಗೆ ಸಿಕ್ಕವು. ಜೀವಕೋಶದ ಶಕ್ತಿನಾಣ್ಯವೆಂದು ಶಾಲಾ ಪುಸ್ತಕದಲ್ಲಿ ನಮ್ಮ ಮಕ್ಕಳು ಓದುವ ಎ.ಟಿ.ಪಿ. ಇದೇ. ಜರ್ಮನಿಯಲ್ಲಿ ಕಾರ್ಲ್ ಲೋಮನ್ ಅವರೂ ಅದೇ ವರ್ಷ ಸ್ವತಂತ್ರವಾಗಿ ಇದನ್ನು ಕಂಡಿದ್ದರು. ಸುಬ್ಬರಾಯರಿಗೆ 1930ರಲ್ಲಿ ಪಿಎಚ್.ಡಿ. ಪದವಿ ಬಂದಿತು, ಆದರೆ ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ದೊರೆಯಲಿಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಔಷಧ ಸಂಶೋಧನಾಲಯವನ್ನು ಸೇರಿ, ಒಂದೆರಡು ವರ್ಷಗಳಲ್ಲೇ ಅದರ ಸಂಶೋಧನಾ ನಿರ್ದೇಶಕರಾದರು.

ಇಲ್ಲಿ ಹಳೆಯ ಪ್ರಶ್ನೆಗೆ ಮರಳುವ ಅವಕಾಶ ಒದಗಿತು. ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಅವರು 1920ರ ದಶಕದ ಕೊನೆಯಲ್ಲಿ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ರಕ್ತಹೀನತೆಗೆ ಯೀಸ್ಟ್ ಸಾರ ಮದ್ದಾಗುವುದೆಂದು ತೋರಿಸಿದ್ದರು. ಅದರಲ್ಲಿ ಇರುವ ವಸ್ತು ಯಾವುದೆಂದು ಗೊತ್ತಿರಲಿಲ್ಲ. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಅಂಥದೇ ವಸ್ತುವನ್ನು ತೆಗೆದು, ಎಲೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಟನ್‌ಗಟ್ಟಲೆ ಸೊಪ್ಪಿನಿಂದ ಚಿಟಿಕೆಯಷ್ಟು ಸಿಕ್ಕರೆ ರೋಗಿಗಳಿಗೆ ಹಂಚುವುದೆಂತು? ಸುಬ್ಬರಾಯರ ತಂಡ ಅದರ ರಚನೆಯನ್ನು ಬಿಡಿಸಿ 1945ರಲ್ಲಿ ಪ್ರಯೋಗಾಲಯದಲ್ಲೇ ತಯಾರಿಸಿತು. ಸ್ವಲ್ಪ ಕಾಲದಲ್ಲೇ ಟಾಮ್ ಸ್ಪೈಸ್ ಎಂಬ ವೈದ್ಯರು ಇದನ್ನು ಸ್ಪ್ರೂ ರೋಗಿಗಳಿಗೆ ಕೊಟ್ಟು ಅವರು ಚೇತರಿಸಿಕೊಳ್ಳುವುದನ್ನು ಕಂಡರು. ಸಹೋದರರು ತೀರಿಕೊಂಡು ಕಾಲು ಶತಮಾನ ಕಳೆದಿತ್ತು.

ಕಥೆ ಇಲ್ಲಿಗೇ ನಿಂತಿದ್ದರೂ ಅದೊಂದು ಸಾರ್ಥಕ ಜೀವನವೇ. ಆದರೆ ಇದೇ ಫೋಲಿಕ್ ಆಮ್ಲ ವಿಚಿತ್ರವಾದ ಇನ್ನೊಂದು ದಾರಿಯನ್ನು ತೆರೆಯಿತು. ಅದನ್ನು ತಿಳಿಯಲು ಕಿಣ್ವ ಹೇಗೆ ಕೆಲಸ ಮಾಡುತ್ತದೆ, ಅದನ್ನು ತಡೆಯುವುದೆಂದರೇನು ಎಂಬುದನ್ನು ಸ್ವಲ್ಪ ನೋಡಬೇಕು.

ಮದುವೆ ಮನೆಯ ಊಟದ ಪಂಕ್ತಿಯನ್ನು ನೆನೆದುಕೊಳ್ಳೋಣ. ಎಲೆ ಹಾಕಿದ ಒಂದೊಂದು ಸ್ಥಾನವೂ ಒಂದೊಂದು ಕಿಣ್ವ. ಕಿಣ್ವವು ಮಾರ್ಪಡಿಸಬೇಕಾದ ವಸ್ತುವೇ ಅತಿಥಿ. ಅತಿಥಿ ಕೂರುತ್ತಾನೆ, ಉಣ್ಣುತ್ತಾನೆ, ಏಳುತ್ತಾನೆ. ಸ್ಥಾನ ಮುಂದಿನವನಿಗೆ ತೆರವಾಗುತ್ತದೆ. ಅತಿಥಿಗಳು ಕಡಿಮೆಯಿದ್ದಾಗ ಜನ ಹೆಚ್ಚಿದಷ್ಟೂ ಉಂಡು ಏಳುವವರ ಸಂಖ್ಯೆಯೂ ಹೆಚ್ಚುತ್ತದೆ. ಎಲೆಗಳೆಲ್ಲ ತುಂಬಿದ ಮೇಲೆ ಬಾಗಿಲಲ್ಲಿ ಎಷ್ಟು ಮಂದಿ ನಿಂತರೂ ವೇಗ ಏರದು. 1913ರಲ್ಲಿ ಲಿಯೊನೋರ್ ಮೈಕೇಲಿಸ್ ಮತ್ತು ಮಾಡ್ ಮೆಂಟನ್ ಅವರು ಗಣಿತದ ಸೂತ್ರವಾಗಿ ಬರೆದದ್ದು ಹೆಚ್ಚುಕಡಿಮೆ ಇದನ್ನೇ.

ಈಗ ಅತಿಥಿಯಂತೆಯೇ ಪಂಚೆ ಶಲ್ಯ ತೊಟ್ಟ ಒಬ್ಬ ಬಂದು ಎಲೆಯ ಮುಂದೆ ಕುಳಿತನೆನ್ನಿ. ಉಣ್ಣುವುದೂ ಇಲ್ಲ, ಏಳುವುದೂ ಇಲ್ಲ. ನಿಜವಾದ ಅತಿಥಿಗೆ ಜಾಗವಿಲ್ಲ. ಇದು ಸ್ಪರ್ಧಾತ್ಮಕ ತಡೆ. ನಿಜವಾದ ಅತಿಥಿಗಳು ಬಹು ಸಂಖ್ಯೆಯಲ್ಲಿ ನುಗ್ಗಿದರೆ ನಕಲಿಯವನಿಗೆ ಜಾಗ ಸಿಗುವ ಸಂಭವ ಕಡಿಮೆಯಾಗಿ, ಪಂಕ್ತಿ ಮತ್ತೆ ಮೊದಲಿನ ವೇಗಕ್ಕೆ ಬರುತ್ತದೆ. ಇನ್ನೊಂದು ಬಗೆಯಲ್ಲಿ ತಡೆಯುವವನು ಎಲೆಯ ಹತ್ತಿರವೇ ಬರುವುದಿಲ್ಲ. ಅಡುಗೆ ಮನೆಗೆ ಹೋಗಿ ಒಲೆಯ ಉರಿ ಇಳಿಸುತ್ತಾನೆ. ಆಗ ಅತಿಥಿಗಳು ಎಷ್ಟು ಬಂದರೂ ಊಟ ನಿಧಾನವೇ. ಕಿಣ್ವದ ಬೇರೊಂದು ಭಾಗಕ್ಕೆ ಅಂಟಿಕೊಂಡು ಅದರ ಕೆಲಸ ಕುಂದಿಸುವ ಇದಕ್ಕೆ ಸ್ಪರ್ಧೆಯಿಲ್ಲದ ತಡೆಯೆಂದು ಹೆಸರು. ಮೂರನೆಯವನು ಎಲೆಯನ್ನೇ ನೆಲಕ್ಕೆ ಮೊಳೆ ಹೊಡೆದು ಹಾಳುಮಾಡುತ್ತಾನೆ: ಆ ಕಿಣ್ವ ಮತ್ತೆ ಕೆಲಸಕ್ಕೆ ಬಾರದು, ದೇಹ ಹೊಸದನ್ನು ತಯಾರಿಸಬೇಕು. ಆಸ್ಪಿರಿನ್ ಮಾಡುವುದು ಈ ಬಗೆಯ ಕೆಲಸ. ಹೊಲಕ್ಕೆ ಸಿಂಪಡಿಸುವ ಕೆಲವು ಕೀಟನಾಶಕಗಳು ನರಗಳ ಕಿಣ್ವವೊಂದರ ಮೇಲೆ ಮಾಡುವುದೂ ಬಹುಮಟ್ಟಿಗೆ ಇದೇ, ಅದರಿಂದಲೇ ಅವು ಅಷ್ಟು ಅಪಾಯಕಾರಿ.

ತಡೆವಸ್ತುಗಳು ಔಷಧದ ಅಂಗಡಿಯಲ್ಲಿ ಮಾತ್ರ ಇರುವುವಲ್ಲ. ಚಳಿಗಾಲದಲ್ಲಿ ಬೆಂಗಳೂರಿನಿಂದ ಬರುವವರ ಚೀಲದಲ್ಲಿ ತಪ್ಪದೆ ಇರುವ ಅವರೆಕಾಳಿನಲ್ಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1933ರಲ್ಲಿ ಹಟ ಹಿಡಿದು ಪ್ರವೇಶ ಪಡೆದು ಎಂ. ಶ್ರೀನಿವಾಸಯ್ಯನವರಲ್ಲಿ ಕಲಿತ ಕಮಲಾ ಸೊಹೊನಿಯವರು, 1950ರ ದಶಕದಲ್ಲಿ ಮುಂಬಯಿಯಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ಅವರೆಕಾಳು ಮತ್ತು ಡಬಲ್ ಬೀನ್ಸ್‌ಗಳಿಂದ ಟ್ರಿಪ್ಸಿನ್ ಎಂಬ ಜೀರ್ಣಕಿಣ್ವವನ್ನು ತಡೆಯುವ ವಸ್ತುವನ್ನು ಹರಳುಗಳಾಗಿ ಬೇರ್ಪಡಿಸಿದರು. ಚೆನ್ನಾಗಿ ಬೇಯಿಸಿದರೆ ಇಂಥ ತಡೆವಸ್ತುವಿನ ಬಹುಭಾಗ ಕೆಟ್ಟುಹೋಗುತ್ತದೆ. ಕಾಳನ್ನು ಮೆತ್ತಗೆ ಬೇಯಿಸಬೇಕೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದಕ್ಕೆ ರಸಾಯನಶಾಸ್ತ್ರದ ಬೆಂಬಲವಿದೆ.

ಸುಬ್ಬರಾಯರ ಕಥೆಗೆ ಮರಳೋಣ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ರೋಗಶಾಸ್ತ್ರಜ್ಞರಿದ್ದರು. ರಕ್ತದ ಕ್ಯಾನ್ಸರ್, ಅಂದರೆ ತೀವ್ರ ಲ್ಯುಕೇಮಿಯ, ತಗುಲಿದ ಮಕ್ಕಳು ವಾರಗಳಲ್ಲಿ ಅಥವಾ ಕೆಲವು ತಿಂಗಳುಗಳಲ್ಲಿ ಸಾಯುತ್ತಿದ್ದ ಕಾಲವದು. ಮಾಡಬಹುದಾದದ್ದು ಬೇರೆಯವರ ರಕ್ತ ಕೊಟ್ಟು ಸ್ವಲ್ಪ ದಿನ ಮುಂದೂಡುವುದಷ್ಟೆ. ರಕ್ತಹೀನತೆಗೆ ಮದ್ದಾದ ಫೋಲಿಕ್ ಆಮ್ಲ ಈ ರಕ್ತರೋಗಕ್ಕೂ ನೆರವಾದೀತೆಂದು, ಲೆಡರ್ಲಿಯಿಂದ ಬಂದ ಫೋಲಿಕ್ ಆಮ್ಲದ ಸಂಬಂಧಿ ವಸ್ತುಗಳನ್ನು ಕೊಟ್ಟು ನೋಡಲಾಯಿತು. ಆಗ ಕೆಲವು ಮಕ್ಕಳಲ್ಲಿ ರೋಗ ಇಳಿಯುವ ಬದಲು ಉಲ್ಬಣಿಸಿದಂತೆ ಫಾರ್ಬರರಿಗೆ ತೋರಿತು. ಅವರು ಅದರಿಂದ ತೆಗೆದ ತೀರ್ಮಾನ ಧೈರ್ಯದ್ದು: ಈ ವಿಟಮಿನ್ ರೋಗಕೋಶಕ್ಕೆ ಆಹಾರವಾಗುವುದಾದರೆ, ಅದನ್ನು ದಕ್ಕದಂತೆ ಮಾಡುವ ವಸ್ತು ರೋಗವನ್ನು ಹಿಂದಕ್ಕೆ ತಳ್ಳಬೇಕು.

ಅಂಥ ವಸ್ತುಗಳನ್ನು ತಯಾರಿಸುವ ಕೆಲಸ ಸುಬ್ಬರಾಯರ ಪ್ರಯೋಗಾಲಯದಲ್ಲಿ ನಡೆಯುತ್ತಿತ್ತು. ಸಲ್ಫಾ ಔಷಧಗಳು ಬ್ಯಾಕ್ಟೀರಿಯಾಗಳಿಗೆ ಬೇಕಾದ ಪೋಷಕವಸ್ತುವಿನ ರೂಪವನ್ನು ಹೋಲುವುದರಿಂದಲೇ ಅವನ್ನು ತಡೆಯುತ್ತವೆಂದು ಇಂಗ್ಲೆಂಡಿನ ಡೊನಾಲ್ಡ್ ವುಡ್ಸ್ 1940ರಲ್ಲಿ ತೋರಿಸಿದ್ದರು. ಫೋಲಿಕ್ ಆಮ್ಲದ ರಚನೆ ಕೈಯಲ್ಲಿದ್ದುದರಿಂದ ಅದರಲ್ಲಿ ಅಲ್ಲಲ್ಲಿ ಸಣ್ಣ ಬದಲಾವಣೆ ಮಾಡಿ ನೋಡುವುದು ಸಾಧ್ಯವಾಯಿತು. ಅಣುವಿನ ಒಂದು ಮೂಲೆಯಲ್ಲಿ ಆಮ್ಲಜನಕದ ಜಾಗಕ್ಕೆ ಒಂದು ಅಮೈನೊ ಗುಂಪನ್ನು ಕೂರಿಸಿದರೆ ಅಮಿನೊಪ್ಟೆರಿನ್. ಅದಕ್ಕೆ ಇನ್ನೊಂದೆಡೆ ಒಂದು ಮೀಥೈಲ್ ಗುಂಪನ್ನು ಸೇರಿಸಿದರೆ ಮೆಥೊಟ್ರೆಕ್ಸೇಟ್. ವ್ಯತ್ಯಾಸ ಇಷ್ಟೇ. ಕೈಯಾರೆ ಮಾಡಿದವರು ಡೋರಿಸ್ ಸೀಗರ್ ಮೊದಲಾದ ರಸಾಯನ ವಿಜ್ಞಾನಿಗಳು. ಅಮಿನೊಪ್ಟೆರಿನ್ ತಯಾರಿಕೆಯನ್ನು ತಿಳಿಸಿದ 1947ರ ಪ್ರಬಂಧದಲ್ಲಿ ನಿರ್ದೇಶಕರ ಹೆಸರು ಇಲ್ಲ. ಎಲ್ಲದಕ್ಕೂ ಮೇಲಧಿಕಾರಿಯ ಹೆಸರನ್ನು ಮೊದಲಿಗೆ ಸೇರಿಸುವ ಪದ್ಧತಿಯನ್ನು ಬಲ್ಲ ನಮಗೆ ಇದು ಗಮನಿಸತಕ್ಕ ಸಂಗತಿಯೆನಿಸುತ್ತದೆ.

ಫಾರ್ಬರ್ 16 ಮಕ್ಕಳಿಗೆ ಅಮಿನೊಪ್ಟೆರಿನ್ ಕೊಟ್ಟರು. ಹತ್ತು ಮಕ್ಕಳಲ್ಲಿ ಸುಧಾರಣೆ ಕಂಡಿತು. ಹಾಸಿಗೆ ಹಿಡಿದಿದ್ದವರು ಎದ್ದು ಓಡಾಡಿದರು, ರಕ್ತದ ಪರೀಕ್ಷೆ ಸರಿಯಾದ ಸ್ಥಿತಿಗೆ ಹತ್ತಿರ ಬಂದಿತು. ಸುಧಾರಣೆ ತಾತ್ಕಾಲಿಕವಾಗಿತ್ತು, ರೋಗ ಮರಳುತ್ತಿತ್ತು, ಬಾಯಿಹುಣ್ಣಿನಂಥ ತೊಂದರೆಗಳೂ ಇದ್ದವು. ಆದರೂ ರಾಸಾಯನಿಕವೊಂದರಿಂದ ಈ ರೋಗವನ್ನು ಹಿಮ್ಮೆಟ್ಟಿಸಬಹುದೆಂದು ಸಾಬೀತಾದದ್ದು ಅದೇ ಮೊದಲು. ಈ ಪ್ರಬಂಧ 1948ರ ಜೂನ್ ತಿಂಗಳಲ್ಲಿ ಪ್ರಕಟವಾಯಿತು.

ಎರಡು ತಿಂಗಳ ತರುವಾಯ, ಆಗಸ್ಟ್ ಎರಡನೆಯ ವಾರದ ಒಂದು ರಾತ್ರಿ, ಸುಬ್ಬರಾಯರು ನ್ಯೂಯಾರ್ಕಿನ ತಮ್ಮ ವಸತಿಯಲ್ಲಿ ನಿದ್ರೆಯಲ್ಲೇ ತೀರಿಕೊಂಡರು. ವಯಸ್ಸು 53. ಆನೆಕಾಲು ರೋಗದ ಹೆಟ್ರಜಾನ್ ಅವರ ಪ್ರಯೋಗಾಲಯದಿಂದ ಹಿಂದಿನ ವರ್ಷವಷ್ಟೇ ಹೊರಬಂದಿತ್ತು. ಎಪ್ಪತ್ತು ದಾಟಿದ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್ ಅವರು ಅಲ್ಲೇ ಕಂಡುಹಿಡಿದ ಆರಿಯೊಮೈಸಿನ್, ಟೆಟ್ರಾಸೈಕ್ಲಿನ್ ಬಳಗದ ಮೊದಲ ಜೀವಿರೋಧಕ, ಅದೇ ವರ್ಷ ಬಳಕೆಗೆ ಬಂದಿತ್ತು. 1953ರಲ್ಲಿ ಒಂದು ಶಿಲೀಂಧ್ರಕ್ಕೆ ಸುಬ್ಬರೋಮೈಸಿಸ್ ಸ್ಪ್ಲೆಂಡೆನ್ಸ್ ಎಂದು ಅವರ ಹೆಸರಿಟ್ಟರು. ಭಾರತದ ಅಂಚೆ ಇಲಾಖೆ ಜನ್ಮಶತಮಾನೋತ್ಸವದ 1995ರಲ್ಲಿ ಅವರ ಚಿತ್ರದ ಅಂಚೆಚೀಟಿ ತಂದಿತು.

ಅಮಿನೊಪ್ಟೆರಿನ್ ತಡೆಯುತ್ತಿದ್ದ ಕಿಣ್ವ ಯಾವುದೆಂದು ಖಚಿತವಾಗಿ ತಿಳಿಯುವ ಮೊದಲೇ ಅವರು ತೀರಿಹೋಗಿದ್ದರು. ಅದು ಬೆಳಕಿಗೆ ಬಂದದ್ದು 1950ರ ದಶಕದ ಕೊನೆಯಲ್ಲಿ. ನಾವು ತಿಂದ ಫೋಲಿಕ್ ಆಮ್ಲ ಹಾಗೆಯೇ ಕೆಲಸಕ್ಕೆ ಬರುವುದಿಲ್ಲ. ಡೈಹೈಡ್ರೊಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವ ಅದಕ್ಕೆ ಜಲಜನಕ ಸೇರಿಸಿ ಬಳಕೆಯ ರೂಪಕ್ಕೆ ತರಬೇಕು. ಆ ರೂಪವಿಲ್ಲದೆ ಕೋಶ ಹೊಸ ಡಿ.ಎನ್.ಎ. ಕಟ್ಟಲಾರದು, ಕಟ್ಟದೆ ಇಬ್ಭಾಗವಾಗಲಾರದು. ಮೆಥೊಟ್ರೆಕ್ಸೇಟ್ ನಮ್ಮ ಪಂಕ್ತಿಯ ನಕಲಿ ಅತಿಥಿ. ನಿಜವಾದ ಅತಿಥಿಗಿಂತ ಸುಮಾರು ಸಾವಿರ ಪಾಲು ಬಿಗಿಯಾಗಿ ಅದು ಈ ಕಿಣ್ವಕ್ಕೆ ಅಂಟಿಕೊಳ್ಳುತ್ತದೆ. ಸ್ಪರ್ಧಾತ್ಮಕ ತಡೆಯ ಸಾಮಾನ್ಯ ನಿಯಮದಂತೆ ಫೋಲಿಕ್ ಆಮ್ಲವನ್ನು ಹೆಚ್ಚು ಕೊಟ್ಟು ಅದನ್ನು ಎಬ್ಬಿಸುವುದು ಕಷ್ಟ. ಆದುದರಿಂದ ಔಷಧದ ಪ್ರಮಾಣ ಮೀರಿದಾಗ ವೈದ್ಯರು ಕೊಡುವುದು ಬೇರೆ ವಸ್ತು, ಲ್ಯುಕೊವೊರಿನ್. ಅದು ಆಗಲೇ ಜಲಜನಕ ಸೇರಿದ ರೂಪದಲ್ಲಿರುವುದರಿಂದ ತಡೆಯಾದ ಕಿಣ್ವದ ಹಂಗಿಲ್ಲದೆ ಕೋಶಕ್ಕೆ ಒದಗುತ್ತದೆ.

ವೇಗವಾಗಿ ಇಬ್ಭಾಗವಾಗುವ ಕೋಶಗಳಿಗೆ ಈ ಪೆಟ್ಟು ಹೆಚ್ಚು ತಟ್ಟುತ್ತದೆ. ಕ್ಯಾನ್ಸರ್ ಕೋಶಗಳು ಹಾಗಿರುವುದರಿಂದ ಲಾಭ. ಬಾಯಿಯ ಒಳಪೊರೆ, ಕೂದಲ ಬುಡ, ಎಲುಬಿನ ಮಜ್ಜೆಗಳ ಕೋಶಗಳೂ ಹಾಗೆಯೇ ಇರುವುದರಿಂದ ತೊಂದರೆ. 1956ರಲ್ಲಿ ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಜ್ ಅವರು ಮೆಥೊಟ್ರೆಕ್ಸೇಟ್ ಒಂದರಿಂದಲೇ, ಗರ್ಭಕ್ಕೆ ಸಂಬಂಧಿಸಿದ ಕೋರಿಯೊಕಾರ್ಸಿನೋಮ ಎಂಬ ಹಬ್ಬಿದ ಕ್ಯಾನ್ಸರನ್ನು ಇಳಿಸಿ ತೋರಿಸಿದರು. ಮಕ್ಕಳ ಲ್ಯುಕೇಮಿಯಕ್ಕೆ ಮೆಥೊಟ್ರೆಕ್ಸೇಟನ್ನು ಬೇರೆ ಬೇರೆ ಔಷಧಗಳೊಡನೆ ಸೇರಿಸಿ ಕೊಡುವ ಪದ್ಧತಿ ಬೆಳೆದು, ಇಂದು ಶ್ರೀಮಂತ ದೇಶಗಳಲ್ಲಿ ಅದರ ಮುಖ್ಯ ಬಗೆಯಿಂದ ನರಳುವ ಮಕ್ಕಳಲ್ಲಿ ನೂರಕ್ಕೆ ಸುಮಾರು 90 ಮಂದಿ ಬದುಕುಳಿಯುತ್ತಾರೆ. ನಮ್ಮಲ್ಲಿ, ರೋಗ ತಡವಾಗಿ ಪತ್ತೆಯಾಗುವುದರಿಂದಲೂ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದರಿಂದಲೂ ಈ ಪ್ರಮಾಣ ಕಡಿಮೆ. ಪೆರುಂಗುಡಿಗೆ ದೂರವಲ್ಲದ ಅಡಯಾರಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು 1954ರಲ್ಲಿ ಕ್ಯಾನ್ಸರ್ ಸಂಸ್ಥೆಯನ್ನು ತೆರೆದರು. ಆಕೆಯೂ ಸುಬ್ಬರಾಯರಿಗಿಂತ ಕೆಲವು ವರ್ಷ ಮೊದಲು ಅದೇ ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ಸಹೋದರಿಯನ್ನು ಕ್ಯಾನ್ಸರಿಗೆ ಕಳೆದುಕೊಂಡವರು.

ಹಾರ್ವರ್ಡ್‌ನಲ್ಲಿ ಸುಬ್ಬರಾಯರಿದ್ದ ವಿಭಾಗದಲ್ಲೇ ಫಿಸ್ಕ್ ಅವರ ಬಳಿ ಪಿಎಚ್.ಡಿ. ಮಾಡಿದ ಜಾರ್ಜ್ ಹಿಚಿಂಗ್ಸ್ ಎಂಬ ಯುವಕ ಮುಂದೆ ಗರ್ಟ್ರೂಡ್ ಎಲಿಯನ್ ಅವರೊಡನೆ ಇದೇ ಬಗೆಯಲ್ಲಿ, ನಿಜವಸ್ತುವನ್ನು ಹೋಲುವ ನಕಲಿಗಳನ್ನು ಕಟ್ಟುತ್ತಾ ಹೋದರು. ಯೂರಿಕ್ ಆಮ್ಲದ ತೊಂದರೆಗೆ ಕೊಡುವ ಅಲೋಪ್ಯುರಿನಾಲ್, ಮೂತ್ರದ ಸೋಂಕಿಗೆ ಕೊಡುವ ಟ್ರೈಮೆಥೊಪ್ರಿಮ್ ಅವರ ಕೊಡುಗೆಗಳು. ಟ್ರೈಮೆಥೊಪ್ರಿಮ್ ತಡೆಯುವುದು ಮೆಥೊಟ್ರೆಕ್ಸೇಟ್ ತಡೆಯುವ ಕಿಣ್ವವನ್ನೇ, ಆದರೆ ಬ್ಯಾಕ್ಟೀರಿಯಾದಲ್ಲಿರುವ ಅದರ ರೂಪವನ್ನು. ಮನುಷ್ಯನ ಕಿಣ್ವಕ್ಕಿಂತ ಅದಕ್ಕೆ ಸಾವಿರಾರು ಪಾಲು ಬಿಗಿಯಾಗಿ ಅಂಟುವುದರಿಂದ ರೋಗಾಣು ಸಾಯುತ್ತದೆ, ರೋಗಿ ಉಳಿಯುತ್ತಾನೆ. ಹಿಚಿಂಗ್ಸ್ ಮತ್ತು ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಬಂದಿತು. ಸುಬ್ಬರಾಯರಿಗೆ ಅಂಥ ಮನ್ನಣೆ ಬರಲಿಲ್ಲವೆಂದು ಕೊರಗುವ ಲೇಖನಗಳು ಬಹಳ ಇವೆ. ಆ ಪಟ್ಟಿಗೆ ಇನ್ನೊಂದನ್ನು ಸೇರಿಸುವುದು ನಮ್ಮ ಉದ್ದೇಶವಲ್ಲ.

ಕೀಲುವಾತಕ್ಕೆ ಸಣ್ಣ ಪ್ರಮಾಣದ ಮೆಥೊಟ್ರೆಕ್ಸೇಟ್ ನೆರವಾಗುವುದೆಂಬುದು ಆಮೇಲೆ ತಿಳಿದು, 1988ರಲ್ಲಿ ಅಮೆರಿಕದಲ್ಲಿ ಆ ರೋಗಕ್ಕೂ ಅನುಮತಿ ದೊರೆಯಿತು. ನಮ್ಮ ಸದಸ್ಯರ ಮನೆಗಳಲ್ಲಿ ಇಂದು ಈ ಮಾತ್ರೆ ಹೆಚ್ಚಾಗಿ ಕಾಣುವುದು ಈ ಕಾರಣಕ್ಕೆ. ಕ್ಯಾನ್ಸರಿಗೆ ಕೊಡುವ ಪ್ರಮಾಣದ ಸಣ್ಣ ಪಾಲನ್ನು ಮಾತ್ರ, ಅದೂ ವಾರಕ್ಕೆ ಒಂದೇ ದಿನ, ಕೊಡುತ್ತಾರೆ. ಗೊತ್ತಿಲ್ಲದೆ ಪ್ರತಿದಿನ ನುಂಗಿ ಮಜ್ಜೆ ಕೆಟ್ಟು ಪ್ರಾಣ ಕಳೆದುಕೊಂಡ ಪ್ರಸಂಗಗಳು ಹಲವು ದೇಶಗಳಲ್ಲಿ ನಡೆದಿವೆ. ಗರ್ಭಿಣಿಯರಿಗೆ ಇದನ್ನು ಕೊಡುವಂತಿಲ್ಲ. ಹಿರಿಯರ ಮಾತ್ರೆಗಳನ್ನು ಡಬ್ಬಿಗೆ ತುಂಬಿಡುವವರು ವೈದ್ಯರು ಸೂಚಿಸಿದ ವಾರದ ದಿನವನ್ನು ದೊಡ್ಡಕ್ಷರಗಳಲ್ಲಿ ಬರೆದು ಅಂಟಿಸಿಡುವುದು ಒಳ್ಳೆಯದು. ಬಾಯಿಹುಣ್ಣು ಮೊದಲಾದ ತೊಂದರೆಗಳನ್ನು ತಗ್ಗಿಸಲು, ಮೆಥೊಟ್ರೆಕ್ಸೇಟ್ ನುಂಗದ ಬೇರೊಂದು ದಿನ ವೈದ್ಯರು ಬರೆದುಕೊಡುವ ಇನ್ನೊಂದು ಮಾತ್ರೆ, 1945ರಲ್ಲಿ ಪರ್ಲ್ ರಿವರ್‌ನಲ್ಲಿ ತಯಾರಾದ ಅದೇ ಫೋಲಿಕ್ ಆಮ್ಲ.